ಎಂಬತ್ತು ಗುಲಗಂಜಿ ತೂಕದ ಗುಂಡು

ಹೋದ ಶನಿವಾರ ಮನೆ ಗುಡಿಸುವ ಸರದಿ ನನ್ನದು. ಗುಡಿಸುವುದು ಎಂದರೆ ಇಲ್ಲಿ ವ್ಯಾಕ್ಯೂಮ್ ಕ್ಲೀನರನ್ನು ಹಟಮಾರಿ ಕರುವಿನಂತೆ ಎಳೆದುಕೊಂಡು ಕೋಣೆ ಕೋಣೆ ತಿರುಗುವುದು, ನಿಮಗೆ ಗೊತ್ತೇ ಇದೆ. ಊಟದ ಮೇಜಿನ ಕೆಳಗೆ ಬಂದಾಗ ಅದರ ಹೊಟ್ಟೆಯಲ್ಲಿ ಕಟಕಟ ಸದ್ದು ಶುರುವಾಯಿತು. ಇಂಜಿನಿಯರ್ ಅನ್ನಿಸಿಕೊಂಡವನು ಸುಮ್ಮನಿರಲಾದೀತೆ? ಅಲ್ಲೇ ಕೂತು ಬಿಚ್ಚಿದೆ. ಧೂಳು, ಕೂದಲು, ನಾಲ್ಕು ಸಾಸಿವೆ, ಅವುಗಳ ನಡುವೆ ಒಂದು ಗುಲಗಂಜಿ. ಕೆಂಪು ಮೈ, ನೆತ್ತಿಯಲ್ಲಿ ಕಪ್ಪು.

"ಸಿಕ್ತೇನ್ರಿ?" ಅಡುಗೆಮನೆಯಿಂದ ಗಿರಿಜಾ ಓಡಿಬಂದಳು. "ಮೂರು ದಿನ ಆತು ಹುಡುಕಾಕತ್ತು. ತೊಂಬತ್ತಾರು ಇರಬೇಕು, ಡಬ್ಬ್ಯಾಗ ತೊಂಬತ್ತೈದ ಅದಾವು."

ಗಿರಿಜಾ ನನ್ನ ಹೆಂಡತಿ. ಗಜೇಂದ್ರಗಡದ ಪತ್ತಾರರ ಮಗಳು. ಪತ್ತಾರ ಎಂದರೆ ಅವಳ ಕಡೆ ಅಕ್ಕಸಾಲಿಗ. ನಾವೂ ಅದೇ ಕುಲದವರೇ, ಆದರೆ ದಾವಣಗೆರೆಯಲ್ಲಿದ್ದ ನಮ್ಮಪ್ಪ ಸುತ್ತಿಗೆ ಬಿಟ್ಟು ಚಾಕ್‌ಪೀಸು ಹಿಡಿದು ಗಣಿತದ ಮೇಷ್ಟ್ರಾಗಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಲೆಕ್ಕ ಬಂತು, ಕೈಚಳಕ ಹೋಯಿತು. ಅವಳ ಕೈ ಮಾತ್ರ ಇವತ್ತಿಗೂ ಅಪ್ಪನದೇ. ಮದುವೆಯಾಗಿ ಮೂವತ್ತು ವರ್ಷವಾಯಿತು, ಅವಳ ಬೆರಳಿನಿಂದ ಒಂದು ಕಾಳು ಜಾರಿದ್ದನ್ನು ನಾನು ಕಂಡಿರಲಿಲ್ಲ. ಈ ಗುಲಗಂಜಿ ಹೇಗೆ ಬಿತ್ತು ಎಂಬುದನ್ನು ಹೇಳಬೇಕಾದರೆ ನಮ್ಮ ಪಕ್ಕದ ಮನೆಯ ವಾಲ್ಟರ್ ಅವರ ಬಂದೂಕಿನ ಸಂಗತಿಯನ್ನೇ ಹೇಳಬೇಕು.

ನಾವಿರುವುದು ಶಿಕಾಗೋದಿಂದ ಐದು ತಾಸಿನ ದಾರಿಯ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ವಾಲ್ಟರ್ ಅವರಿಗೆ ಎಪ್ಪತ್ತೆಂಟಾಗಿದೆ. ಹತ್ತಿರದ ಕಾರಿನ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಅಚ್ಚು ಮಾಡುತ್ತಿದ್ದವರು. ಕೂದಲೆಳೆಯನ್ನು ಸೀಳಿ ಅದರ ಅರ್ಧದ ಲೆಕ್ಕದಲ್ಲಿ ಉಕ್ಕು ಕೊರೆದ ಮನುಷ್ಯ. ಅವರ ಗ್ಯಾರೇಜಿನಲ್ಲಿ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿರುತ್ತವೆ, ಶಾಲೆಯ ಪ್ರಾರ್ಥನೆಯ ಸಾಲಿನ ಹಾಗೆ. ನನ್ನ ಗ್ಯಾರೇಜಿನ ವಿಷಯ ಬೇಡ. ಗಿರಿಜಾ ಅವರನ್ನು 'ವಾಲ್ಟರ್ ಅಂಕಲ್' ಅನ್ನುತ್ತಾಳೆ. ಅವಳ ಇಂಗ್ಲಿಷಿಗೂ ಗಜೇಂದ್ರಗಡದ ಬಾಲ ಅಂಟಿಕೊಂಡಿದೆ: "ಕಮ್ ರೀ ಅಂಕಲ್, ಸಿಟ್ ರೀ." ಅವರೂ ಈಗ "ಥ್ಯಾಂಕ್ಯೂ ರೀ" ಎನ್ನುವಷ್ಟು ಪಳಗಿದ್ದಾರೆ. ಅವರಿಬ್ಬರ ಮಾತನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿರುವವನು ನಾನು, ತಪ್ಪಿದ್ದರೆ ನನ್ನದು.

ಅಕ್ಟೋಬರ್ ಶುರುವಿನಲ್ಲಿ ಬೇಲಿಯ ಆಚೆ ವಾಲ್ಟರ್ ಚಿಂತೆ ಮಾಡುತ್ತ ನಿಂತಿದ್ದರು. ಏನೆಂದು ಕೇಳಿದೆ.

"ಜಿಂಕೆ ಸೀಸನ್ ಬಂತಲ್ಲ. ಈ ಸಲ ನೂರೈವತ್ತು ಗ್ರೇನ್ ಸಾಕಾ, ನೂರ ಎಂಬತ್ತೇ ಬೇಕಾ, ತಿಳೀತಿಲ್ಲ" ಅಂದರು.

ಗ್ರೇನ್ ಎಂದರೆ ಕಾಳು ತಾನೆ? ಪಾಪ, ಮುದುಕರು ಜಿಂಕೆಗಳಿಗೆ ಕಾಳು ಹಾಕುತ್ತಾರೆ, ಎಣಿಸಿ ಹಾಕುವಷ್ಟು ಜಿಪುಣತನ ಯಾಕೋ ಅಂದುಕೊಂಡೆ. ಸಂಜೆ ಇಂಡಿಯನ್ ಗ್ರೋಸರಿಗೆ ಹೋಗಿ ಹತ್ತು ಪೌಂಡಿನ ಜೋಳದ ಚೀಲ ಹೊತ್ತು ತಂದೆ. "ತಗೊಳ್ಳಿ, ಇದರಲ್ಲಿ ನೂರ ಎಂಬತ್ತಲ್ಲ, ಲಕ್ಷ ಗ್ರೇನ್ ಇದೆ" ಎಂದು ಅವರ ಬಾಗಿಲಲ್ಲಿ ಇಳಿಸಿದೆ.

ವಾಲ್ಟರ್ ಚೀಲ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಈ ಕಡೆ ಜಿಂಕೆಗೆ ಕಾಳು ಹಾಕಿ ಕರೆಯೋದು ಕಾನೂನಿಗೆ ವಿರುದ್ಧ. ನನ್ನನ್ನ ಜೈಲಿಗೆ ಕಳಿಸ್ತೀಯಲ್ಲೋ!"

ಆಗ ಗೊತ್ತಾಯಿತು, ಗ್ರೇನ್ ಎಂದರೆ ಗುಂಡಿನ ತೂಕ. ಹಿಂದೆ ಯಾವುದೋ ಕಾಲದಲ್ಲಿ ಬಾರ್ಲಿಯ ಕಾಳನ್ನಿಟ್ಟು ತೂಗುತ್ತಿದ್ದರಂತೆ, ಹೆಸರು ಹಾಗೇ ಉಳಿಯಿತು. ಒಂದೇ ಬಂದೂಕಿಗೆ ಹಗುರ ಗುಂಡೂ ಉಂಟು, ಭಾರದ್ದೂ ಉಂಟು. ಹಗುರದ್ದು ಬೇಗ ಹೋಗುತ್ತದೆ, ಹೆಗಲಿಗೆ ಕಡಿಮೆ ಒದೆಯುತ್ತದೆ. ಭಾರದ್ದು ಆಳಕ್ಕೆ ಇಳಿಯುತ್ತದೆ, ಒದೆತವೂ ಹಾಗೇ. ನನ್ನ ಜೋಳ ಮುಂದೆ ಒಂದು ತಿಂಗಳು ನಮ್ಮ ಮನೆಯ ರೊಟ್ಟಿಯಾಯಿತು.

ನನ್ನ ಹಿಂದೆಯೇ ಬಂದಿದ್ದ ಗಿರಿಜಾ ಮಾತ್ರ ನಗಲಿಲ್ಲ. "ಕಾಳಿನ ತೂಕಾ?" ಅಂದವಳೇ ಮನೆಗೆ ಹೋಗಿ ಅವಳಪ್ಪನ ಮರದ ಪೆಟ್ಟಿಗೆ ತಂದಳು. ಅದರಲ್ಲಿ ಬಂಗಾರ ತೂಗುವ ಅಂಗೈಯಗಲದ ಹಿತ್ತಾಳೆ ತಕ್ಕಡಿ, ಒಂದು ಡಬ್ಬಿಯಲ್ಲಿ ತೊಂಬತ್ತಾರು ಗುಲಗಂಜಿ. ಅವು ಸಿಕ್ಕ ಸಿಕ್ಕ ಗುಲಗಂಜಿಯಲ್ಲ. ನಮ್ಮ ಮಾವ ಒಂದು ಸೇರು ಕಾಳಿನಲ್ಲಿ ಒಂದೊಂದನ್ನೇ ತೂಗಿ, ಸರಿಸಮ ಬಂದವನ್ನು ಮಾತ್ರ ಆರಿಸಿಟ್ಟಿದ್ದಂತೆ. ಇಪ್ಪತ್ತು ವರ್ಷದ ಹಿಂದೆ ಅವರು ತೀರಿಕೊಂಡಾಗ ಗಿರಿಜಾ ತವರಿನಿಂದ ಕೇಳಿ ತಂದದ್ದು ಇದೊಂದೇ.

ವಾಲ್ಟರ್ ತಮ್ಮ ಗ್ಯಾರೇಜಿನಿಂದ ನೂರ ಎಂಬತ್ತು ಗ್ರೇನಿನ ಬಿಡಿ ಗುಂಡೊಂದನ್ನು ತಂದುಕೊಟ್ಟರು. ಗಿರಿಜಾ ಅದನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಕಾಳು ಹಾಕುತ್ತ ಹೋದಳು. ತೊಂಬತ್ತೈದಕ್ಕೆ ಮುಳ್ಳು ಓಲಾಡಿತು. ತೊಂಬತ್ತಾರನೆಯದಕ್ಕೆ ನೆಟ್ಟಗೆ ನಿಂತಿತು.

"ಒಂದು ತೊಲಿ!" ಎಂದು ಕಿರುಚಿಕೊಂಡಳು. "ಅಂಕಲ್, ನಿಮ್ಮ ಗುಂಡು ಬರೋಬ್ಬರಿ ಒಂದು ತೊಲಿ ಐತಿ!"

ನಾನು ಮೇಷ್ಟ್ರ ಮಗ, ತಕ್ಷಣ ಲೆಕ್ಕ ಹಾಕಿದೆ. ತೊಲೆಗೆ ಹನ್ನೆರಡು ಮಾಸಿ, ಮಾಸಿಗೆ ಎಂಟು ಗುಲಗಂಜಿ. ಹಾಗಾದರೆ ನೂರೈವತ್ತು ಗ್ರೇನಿನ ಗುಂಡು ಹತ್ತು ಮಾಸಿ, ಎಂಬತ್ತು ಗುಲಗಂಜಿ. ವಾಲ್ಟರ್ ತಕ್ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಒಳ್ಳೆಯ ಕೆಲಸಗಾರ ಇನ್ನೊಬ್ಬ ಒಳ್ಳೆಯ ಕೆಲಸಗಾರನ ಹತಾರವನ್ನು ನೋಡುವ ಆ ನೋಟ ನನಗೆ ಬಹಳ ಇಷ್ಟ. ನನ್ನ ಸ್ಪ್ರೆಡ್‌ಶೀಟನ್ನು ಇದುವರೆಗೆ ಯಾರೂ ಹಾಗೆ ನೋಡಿಲ್ಲ.

"ಅಪ್ಪ ಮುಂಜಾನೆ ಅಂಗಡಿ ತೆಗೆದ ಕೂಡಲೇ ಬರೀ ತಕ್ಕಡಿ ಎತ್ತಿ ಹಿಡೀತಿದ್ದ" ಎಂದು ಗಿರಿಜಾ ಹೇಳಿದಳು. "ಮುಳ್ಳು ನೆಟ್ಟಗ ನಿಂತ ಮ್ಯಾಲೇ ಬಂಗಾರ ಮುಟ್ಟೋದು. ಏನೂ ಇಲ್ಲದ್ದನ್ನ ಮೊದಲು ತೂಗು ಅಂತಿದ್ದ."

"ನಾವು ಅದಕ್ಕೇ ಝೀರೋ ಅನ್ನೋದು" ಅಂದರು ವಾಲ್ಟರ್. "ಬಂದೂಕಿನ ಮೇಲಿರೋ ದುರ್ಬೀನಿನಲ್ಲಿ ಕಾಣೋ ಗೆರೆ ಎಲ್ಲಿದೆಯೋ ಗುಂಡು ಅಲ್ಲೇ ಬೀಳಬೇಕು. ಹಾಗೆ ಕೂಡಿಸದೆ ಕಾಡಿಗೆ ಹೋಗೋನು ಬೇಟೆಗಾರನಲ್ಲ." ಆಮೇಲೆ ದನಿ ತಗ್ಗಿಸಿದರು. ಹೋದ ವರ್ಷ ಅವರ ಗುಂಡು ಒಂದು ಜಿಂಕೆಗೆ ತಗುಲಿತಂತೆ, ಆದರೆ ತಗುಲಬೇಕಾದ ಜಾಗಕ್ಕಲ್ಲ. ರಕ್ತದ ಜಾಡು ಹಿಡಿದು ಸಂಜೆಯವರೆಗೆ ನಡೆದರಂತೆ, ಮರುದಿನ ಬೆಳಿಗ್ಗೆ ಮತ್ತೆ ಹೋದರಂತೆ. ಸಿಗಲಿಲ್ಲ. "ಒಂದೇ ಗುಂಡಿಗೆ ಮುಗಿಯುತ್ತೆ ಅಂತ ಆ ಪ್ರಾಣಿಗೆ ಮಾತು ಕೊಡೋಕಾಗದಿದ್ರೆ ನಾನು ಇನ್ನು ಹೋಗಲ್ಲ."

ಗಿರಿಜಾ ಕಾಳುಗಳನ್ನು ಡಬ್ಬಿಗೆ ತುಂಬುತ್ತಿದ್ದವಳು ನಿಲ್ಲಿಸಿದಳು. ಯಾಕೆ ಎಂದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಶಿಕಾಗೋ ಹತ್ತಿರದ ಅರೋರಾದ ಬಾಲಾಜಿ ಗುಡಿಗೆ ಹೋಗಿ ವಾಪಸು ಬರುತ್ತಿದ್ದೆವು. ದಾರಿಯ ಕಲಮಜೂ ಊರು ದಾಟಿತ್ತು, ಹೊತ್ತು ಮುಳುಗುತ್ತಿತ್ತು, ಸ್ಟೀರಿಂಗ್ ಗಿರಿಜಾಳ ಕೈಯಲ್ಲಿತ್ತು. ಎಡಗಡೆಯಿಂದ ಜಿಂಕೆಯೊಂದು ಹಾರಿತು. ನಾನು ಆಬರ್ನ್ ಹಿಲ್ಸ್‌ನ ಕಾರು ಕಂಪನಿಯೊಂದರಲ್ಲಿ ಬಂಪರ್ ವಿಭಾಗದ ಇಂಜಿನಿಯರ್. ಬಂಪರ್ ತನ್ನ ಕೆಲಸ ಚೆನ್ನಾಗಿಯೇ ಮಾಡಿತು, ನಮಗಿಬ್ಬರಿಗೂ ಏನೂ ಆಗಲಿಲ್ಲ. ಜಿಂಕೆಯ ಹಿಂಗಾಲು ಎರಡೂ ಮುರಿದಿದ್ದವು. ಅದು ರಸ್ತೆಯ ಪಕ್ಕದ ಜಲ್ಲಿಯಲ್ಲಿ ಬಿದ್ದು ಏಳಲು ನೋಡುತ್ತಿತ್ತು, ಬೀಳುತ್ತಿತ್ತು. ಪೊಲೀಸರು ಬಂದು ಅದಕ್ಕೊಂದು ಕೊನೆ ಕಾಣಿಸಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಗಿರಿಜಾ ಲಾಡಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ಇರುವೆ ಸಾಲು ಕಂಡರೆ ದಾಟಿ ಹೋಗುವವಳು. ಅವತ್ತಿನಿಂದ ಅವಳು ಆ ವಿಷಯ ಎತ್ತಿರಲಿಲ್ಲ, ಆ ರಸ್ತೆಗೂ ಬಂದಿರಲಿಲ್ಲ. ಗುಡಿಗೆ ಹೋಗೋಣ ಎಂದರೆ ಒಮ್ಮೆ ಮಂಡಿನೋವು, ಒಮ್ಮೆ ಹಿಮ, ಒಮ್ಮೆ ಇನ್ನೊಂದು ನೆವ.

ಮೊದಲ ಶನಿವಾರ ನಾವು ಮೂವರೂ ಊರಾಚೆಯ ಗುಂಡು ಹೊಡೆಯುವ ಮೈದಾನಕ್ಕೆ ಹೋದೆವು. ಗಿರಿಜಾ ಬಂದದ್ದು ಥರ್ಮಾಸಿನಲ್ಲಿ ಚಹಾ ತರುವ ನೆಪದಲ್ಲಿ. ನಾನು ಹೋದದ್ದು ತಾಂತ್ರಿಕ ಸಲಹೆಗಾರನಾಗಿ. ವಾರವಿಡೀ ಕೂತು ಮುನ್ನೂರು ಗಜದವರೆಗೆ ಗುಂಡು ಎಷ್ಟು ಇಳಿಯುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂದು ನಾಲ್ಕು ಬಣ್ಣದ ಪಟ್ಟಿ ಮಾಡಿದ್ದೆ. ಭಾರವಿದ್ದಷ್ಟೂ ಒಳ್ಳೆಯದು, ಒಂದು ತೊಲೆಯ ಗುಂಡೇ ಸರಿ ಎಂಬುದು ನನ್ನ ತೀರ್ಪು. ವಾಲ್ಟರ್ ಪಟ್ಟಿಯನ್ನು ಗೌರವದಿಂದ ಓದಿದರು. "ನಾನು ಕೂರೋ ಜಾಗದಲ್ಲಿ ಎಪ್ಪತ್ತು ಗಜದಾಚೆ ಬರೀ ಸೀಡರ್ ಮರ. ಮುನ್ನೂರು ಗಜದಲ್ಲಿ ಜಿಂಕೆ ಇದ್ರೆ ಅದು ಇನ್ನೊಬ್ಬರದು" ಎಂದು ಮಡಚಿ ಜೇಬಿಗಿಟ್ಟರು. ನೂರು ಗಜಕ್ಕೆ ಝೀರೋ ಕೂಡಿಸಿದರೆ ಅವರಿಗೆ ಧಾರಾಳ ಸಾಕಿತ್ತು.

ಅವರು ಮೂರು ಗುಂಡು ಹೊಡೆದರು. ಮೂರೂ ಮೂರು ದಿಕ್ಕಿಗಿದ್ದರೂ ಒಟ್ಟಾರೆ ಮೂರು ಇಂಚು ಕೆಳಗಿದ್ದವು. ದುರ್ಬೀನಿನ ತಿರುಪನ್ನು ಒಂದು ಟಿಕ್ ತಿರುಗಿಸಿದರೆ ನೂರು ಗಜದಲ್ಲಿ ಕಾಲು ಇಂಚು ಸರಿಯುತ್ತದೆ. ಮೂರು ಇಂಚಿಗೆ ಹನ್ನೆರಡು ಟಿಕ್. ಇಷ್ಟು ಸುಲಭದ್ದು ನಾನೇ ಮಾಡುತ್ತೇನೆ ಎಂದು ಮುಂದಾದೆ. ಗುಂಡು ಕೆಳಗೆ ಬಿದ್ದಿದೆ, ಆದ್ದರಿಂದ ಗೆರೆಯನ್ನೂ ಕೆಳಗಿಳಿಸಬೇಕು ಎಂದು ತರ್ಕಿಸಿ, ತಿರುಪಿನ ಮೇಲೆ 'ಮೇಲಕ್ಕೆ' ಎಂದು ಬಾಣ ಸಮೇತ ಕೆತ್ತಿದ್ದನ್ನು ಲೆಕ್ಕಿಸದೆ ಉಲ್ಟಾ ತಿರುಗಿಸಿದೆ. ಮುಂದಿನ ಗುಂಡು ಗುರಿಯ ಕಾಗದವನ್ನೇ ಬಿಟ್ಟು ಮಣ್ಣಿಗೆ ಹೋಯಿತು. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂಬ ಗಾದೆ ನನ್ನಂಥ ಸಲಹೆಗಾರರನ್ನು ನೋಡಿಯೇ ಹುಟ್ಟಿರಬೇಕು.

ಚಹಾ ಬಗ್ಗಿಸುತ್ತಿದ್ದ ಗಿರಿಜಾ ಮೆಲ್ಲಗೆ ಹೇಳಿದಳು: "ಅಂಕಲ್, ತಪ್ಪು ತಿರುಪಿನದಲ್ಲ. ಗುಂಡು ಹೋಗೋಕಿಂತ ಮೊದ್ಲು ನೀವು ಕಣ್ಣು ಮುಚ್ತೀರಿ."

ವಾಲ್ಟರ್ ಅವರ ಮುಖ ಕೆಂಪಾಯಿತು. ಅರವತ್ತು ವರ್ಷ ಬಂದೂಕು ಹಿಡಿದವರಿಗೆ ಚಹಾ ತಂದ ಹೆಂಗಸು ಹೇಳುವ ಮಾತೇ? ಆದರೆ ಅವರು ದೊಡ್ಡ ಮನುಷ್ಯ. "ಪರೀಕ್ಷೆ ಮಾಡೋಣ. ನೀನು ಗುಂಡು ತುಂಬಿ ಕೊಡು, ಒಮ್ಮೊಮ್ಮೆ ತುಂಬದೆ ಕೊಡು. ನನಗೆ ಹೇಳಬೇಡ" ಎಂದು ಅವಳಿಗೆ ತೋರಿಸಿಕೊಟ್ಟರು. ಎರಡನೆಯ ಸಲ ಅವಳು ಖಾಲಿ ಬಂದೂಕು ಕೊಟ್ಟಳು. ವಾಲ್ಟರ್ ಗುರಿ ಹಿಡಿದು ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದರು. ಟಕ್ ಎಂದಿತು, ಅಷ್ಟೇ. ಆದರೆ ಹೊಡೆಯದ ಬಂದೂಕಿನ ಮೂತಿ ತಾನಾಗಿ ನಾಲ್ಕು ಬೆರಳು ಕೆಳಗೆ ಬಾಗಿತು. ಒದೆತಕ್ಕೆ ಹೆದರಿ ಅವರ ಹೆಗಲೇ ಅದನ್ನು ಬಗ್ಗಿಸಿತ್ತು.

"ಹಾಗಾದರೆ ಹೋದ ವರ್ಷ ತಪ್ಪಿದ್ದು ಬಂದೂಕಲ್ಲ" ಅಂದರು ವಾಲ್ಟರ್. ಆಮೇಲೆ ಬಂದೂಕನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ಇನ್ನು ಇದನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ನಿರಾಳವಾಯಿತು. ಆದರೆ ಮನೆಗೆ ಬಂದ ಮೇಲೆ ಗಿರಿಜಾ ಕೋಟು ಕೂಡ ತೆಗೆಯದೆ ಕೂತಿದ್ದಳು.

"ಅವರು ಹೋಗದಿದ್ರೆ ಒಳ್ಳೇದೇ ಆಯ್ತಲ್ಲ, ಒಂದು ಜಿಂಕೆ ಉಳಿಯುತ್ತೆ" ಅಂದೆ.

"ಜಿಂಕಿ ಉಳೀತೈತ್ರಿ, ನನಗೂ ಗೊತ್ತೈತಿ. ಅವರು ಹ್ಯಾಂಗ ಉಳೀತಾರ? ತಪ್ಪು ಮಾಡಿ ಅಲ್ಲೇ ನಿಂತ್ರ ಜೀವ ಇರೋತನಕ ಅದರ ಜೋಡೀನ ಇರಬೇಕಾಗ್ತೈತಿ." ಅಷ್ಟು ಹೇಳಿ ಎದ್ದಳು. "ಒಂದು ತೊಲಿ ಆ ಹೆಗಲಿಗೆ ಭಾರ ಆತು. ಹತ್ತು ಮಾಸಿಗೆ ಇಳೀಲಿ."

ಬೇಲಿಯ ಹತ್ತಿರ ಹೋಗಿ ಅವಳು ಅವರಿಗೆ ಅದನ್ನೇ ಹೇಳಿದಳು. ನೂರೈವತ್ತು ಗ್ರೇನಿನ ಗುಂಡು ಆ ದೂರದಲ್ಲಿ ಜಿಂಕೆಗೆ ಯಥೇಚ್ಛ ಸಾಕೆಂದು ವಾಲ್ಟರ್ ಅವರಿಗೆ ಮೊದಲೇ ಗೊತ್ತಿತ್ತು. ಅರವತ್ತು ವರ್ಷ ಭಾರದ ಗುಂಡು ಹೊಡೆದವನು ಹಗುರಕ್ಕೆ ಇಳಿದರೆ ಮುದುಕನಾದೆ ಎಂದು ಒಪ್ಪಿಕೊಂಡ ಹಾಗೆ, ಅದೇ ತೊಡಕು. ಅವರು ಒಪ್ಪಿಕೊಂಡರು. ಅದಕ್ಕೆ ಎಂಥ ಎದೆ ಬೇಕು ಎಂದು ಈಗ ಅರವತ್ತರ ಹತ್ತಿರ ಬಂದಿರುವ, ಇನ್ನೂ ಕೂದಲಿಗೆ ಬಣ್ಣ ಹಚ್ಚುವ ನನಗೆ ಗೊತ್ತು.

ಗುಂಡಿನ ತೂಕ ಬದಲಾದರೆ ಅದು ಬೀಳುವ ಜಾಗವೂ ಬದಲಾಗುತ್ತದೆ, ಝೀರೋ ಮತ್ತೆ ಮೊದಲಿನಿಂದ. "ನನ್ನ ಕೈಯನ್ನ ಈಗ ನಂಬೋಕಾಗಲ್ಲ. ಮೊದಲು ಬಂದೂಕಿನ ಸತ್ಯ ತಿಳೀಬೇಕು, ನನ್ನದು ಆಮೇಲೆ" ಅಂದರು ವಾಲ್ಟರ್. ಅದಕ್ಕಾಗಿ ಅಲುಗದ ಕೈ ಬೇಕಿತ್ತು. ಗಂಡಸೆಂಬ ಕಾರಣಕ್ಕೆ ನನಗೆ ಮೊದಲ ಅವಕಾಶ ಸಿಕ್ಕಿತು. ಒಂದು ಗುಂಡು ಪಕ್ಕದವರ ಕಾಗದಕ್ಕೆ ಹೋಯಿತು, ಉಳಿದೆರಡು ಎಲ್ಲಿಗೆ ಹೋದವೆಂದು ದೇವರೇ ಬಲ್ಲ.

ಆಮೇಲೆ ಗಿರಿಜಾ ಕೂತಳು. ಚೂಡಿದಾರದ ಮೇಲೆ ದಪ್ಪ ಜಾಕೆಟ್ಟು, ಹಣೆಯಲ್ಲಿ ಕುಂಕುಮ, ಕಿವಿಗೆ ಟೊಪ್ಪಿಗೆಯಂಥ ಮುಚ್ಚಳ. ಚಿಕ್ಕವಳಿದ್ದಾಗ ಅಪ್ಪನಿಗೆ ಕೆಮ್ಮು ಬಂದರೆ ಊದುಗೊಳವೆ ಇವಳ ಬಾಯಿಗೆ ಬರುತ್ತಿತ್ತಂತೆ. ಬೆಸುಗೆ ಹಾಕುವಾಗ ದೀಪದ ಉರಿಯನ್ನು ಒಂದೇ ಸಮ ಬಾಗಿಸಿ ಹಿಡಿಯಬೇಕು. ಉಸಿರು ಒಂದಿಷ್ಟು ಹೆಚ್ಚಾದರೆ ದೀಪ ಆರುತ್ತದೆ, ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ಅದೇ ಉಸಿರನ್ನು ಅವಳು ಅಲ್ಲಿ ಬಿಟ್ಟಳು, ಉಸಿರಿನ ತುದಿಯಲ್ಲಿ ಕುದುರೆ ಎಳೆದಳು. ಮೂರು ಸಲ. ಕಾಗದ ತಂದು ನೋಡಿದರೆ ಮೂರು ತೂತುಗಳನ್ನೂ ಒಂದು ನಿಂಬೆಹಣ್ಣಿನಲ್ಲಿ ಮುಚ್ಚಬಹುದಿತ್ತು. ಎರಡು ಇಂಚು ಕೆಳಗೆ, ಒಂದು ಇಂಚು ಬಲಕ್ಕೆ. ವಾಲ್ಟರ್ ಎಂಟು ಟಿಕ್ ಮೇಲಕ್ಕೆ, ನಾಲ್ಕು ಟಿಕ್ ಎಡಕ್ಕೆ ತಾವೇ ತಿರುಗಿಸಿದರು. ನನ್ನನ್ನು ತಿರುಪಿನ ಹತ್ತಿರ ಬಿಡಲಿಲ್ಲ.

ಶಿಕಾಗೋದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ, "ವೇಟ್, ಅಮ್ಮ ಡಿಡ್ ವಾಟ್?" ಎಂದು ಮೂರು ಸಲ ಕೇಳಿದಳು. ಕನ್ನಡ ಕೂಟದ ದೀಪಾವಳಿಯಲ್ಲಿ ಮೈಸೂರಿನ ಗೆಳೆಯನೊಬ್ಬನಿಗೆ, ಪಕ್ಕದ ಮನೆಯವರ ಜೊತೆ ಈ ತಿಂಗಳೆಲ್ಲ ಗುಂಡಿನದೇ ಕೆಲಸ ಎಂದೆ. "ಏನ್ ಸಾರ್, ನೀವೂ ಶುರು ಮಾಡ್ಬಿಟ್ರಾ? ಯಾವ ಬ್ರ್ಯಾಂಡು?" ಎಂದು ಕಿವಿಯಲ್ಲಿ ಕೇಳಿದ.

ಆಮೇಲಿನ ಸಂಜೆಗಳಲ್ಲಿ ನಮ್ಮ ಬೀದಿಯವರು ಒಂದು ವಿಚಿತ್ರ ಕಂಡಿರಬೇಕು. ಆರಡಿ ಎತ್ತರದ ವಾಲ್ಟರ್ ತಮ್ಮ ಜಗಲಿಯಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು, ಸ್ಟ್ರಾದಿಂದ ಅದನ್ನು ಆರದಂತೆ ಊದುತ್ತ ಕೂತಿರುತ್ತಿದ್ದರು. ಬೇಲಿಯ ಈಚೆಯಿಂದ ಪತ್ತಾರರ ಮಗಳು, "ಸ್ಲೋ ರೀ ಅಂಕಲ್, ಸ್ಲೋ" ಎನ್ನುತ್ತಿದ್ದಳು. ನಾಲ್ಕನೆಯ ಶನಿವಾರ ಅವರ ಐದೂ ಗುಂಡು ಅವರ ಅಂಗೈಯಗಲದಲ್ಲಿ ಬಿದ್ದವು. ಅವಳು ಮತ್ತೆ ಖಾಲಿ ಬಂದೂಕು ಕೊಟ್ಟಳು. ಟಕ್ ಎಂದಿತು. ಮೂತಿ ಇದ್ದಲ್ಲೇ ಇತ್ತು. ಆ ಮುದುಕರ ಮೇಲೆ ಅವತ್ತು ನನಗೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ! ಎಪ್ಪತ್ತೆಂಟರಲ್ಲಿ ಒಬ್ಬ ಮನುಷ್ಯ, ತಾನು ಎಂದೂ ನೋಡದ ಒಂದು ಪ್ರಾಣಿ ನರಳಬಾರದೆಂದು ಉಸಿರಾಡುವುದನ್ನು ಹೊಸದಾಗಿ ಕಲಿತಿದ್ದ.

ನವೆಂಬರ್ ಮಧ್ಯಕ್ಕೆ ಅವರು ಬೇಟೆಗಾರರ ಕಿತ್ತಳೆ ಟೋಪಿ ಹಾಕಿಕೊಂಡು ಉತ್ತರದ ಕಾಡಿಗೆ ಹೊರಟರು. ಆ ನಾಲ್ಕು ದಿನ ಗಿರಿಜಾ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ಬಾಯಿ ಮುಚ್ಚಿಕೊಂಡು ಉಂಡೆ.

ಹೋದ ಬುಧವಾರ ಮಧ್ಯಾಹ್ನ ವಾಲ್ಟರ್ ಬಂದರು. ಕೈಯಲ್ಲಿ ಒಂದು ಬಾಟಲಿ ಚೆರ್ರಿ ಜಾಮು, ಒಂದು ಬಿಳಿ ಕರವಸ್ತ್ರದ ಗಂಟು. "ಮಾಂಸ ಮುಟ್ಟದ ನಿಮ್ಮ ಮನೆ ಪದ್ಧತಿ ಗೊತ್ತು. ಮೂರು ಸಲ ಕುದಿಸಿ ತೊಳೆದಿದ್ದೀನಿ" ಎಂದು ಗಂಟನ್ನು ಬಿಚ್ಚಿದರು. ಜಿಂಕೆಯ ಆಚೆ ಬದಿಯ ಚರ್ಮದಡಿ ಸಿಕ್ಕ ಗುಂಡು, ಅಣಬೆಯ ಹಾಗೆ ಅರಳಿತ್ತು. ಕಾಡಿಗೆ ಒಯ್ದ ಡಬ್ಬದಲ್ಲಿ ಖರ್ಚಾದದ್ದು ಅದೊಂದೇ.

ಗಿರಿಜಾ ಅಪ್ಪನ ಪೆಟ್ಟಿಗೆ ತಂದಳು. ಬರೀ ತಕ್ಕಡಿ ಎತ್ತಿ ಮುಳ್ಳು ನೋಡಿದಳು. ಆಮೇಲೆ ಗುಂಡನ್ನಿಟ್ಟು ತೂಗಿದಳು. ಐವತ್ತೊಂದು ಕಾಳಿಗೆ ಮುಳ್ಳು ನಿಂತಿತು. "ಎಂಬತ್ತು ಇತ್ತು. ಇಪ್ಪತ್ತೊಂಬತ್ತು ಗುಂಜಿ ಸವಕಳಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಂದೊಂದೇ ಕಾಳನ್ನು ಡಬ್ಬಿಗೆ ಹಾಕತೊಡಗಿದಳು. ತಲೆ ಎತ್ತದೆ ಕೇಳಿದಳು: "ಗುಂಡು ತಗುಲಿದ ಮೇಲೆ ಎಷ್ಟು ದೂರ ಓಡ್ತು ಅಂಕಲ್?"

"ಓಡಲಿಲ್ಲ. ನಿಂತಲ್ಲೇ ಮಡಚಿಕೊಂಡು ಬಿತ್ತು. ನಾನು ಹತ್ತಿರ ಹೋಗೋ ಹೊತ್ತಿಗೆ ಮುಗಿದಿತ್ತು. ಅದಕ್ಕೆ ಸದ್ದು ಕೂಡ ಕೇಳಿಸಿರಲ್ಲ."

ಆಗ ಅವಳ ಬೆರಳು ಜಾರಿತು. ಒಂದು ಕಾಳು ಮೇಜಿನಿಂದ ಉರುಳಿ ಎಲ್ಲೋ ಹೋಯಿತು. ಅವಳು ಬಗ್ಗಿ ನೋಡಲಿಲ್ಲ.

"ನಮ್ಮದು ನಲವತ್ತು ನಿಮಿಷ ತಗೊಳ್ತು" ಅಂದಳು. ಎರಡು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದಳು, ಅದೂ ಪೂರ್ತಿಯಾಗಿ: ರಸ್ತೆ, ಜಲ್ಲಿ, ಅದರ ಕಣ್ಣು, ಮಡಿಲಲ್ಲಿದ್ದ ಲಾಡು. ವಾಲ್ಟರ್ ಕಿತ್ತಳೆ ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೊನೆಯವರೆಗೆ ಕೇಳಿದರು. ಸಮಾಧಾನ ಹೇಳಲಿಲ್ಲ. "ನನ್ನದು ಸಿಗಲೇ ಇಲ್ಲ" ಎಂದಷ್ಟೇ ಅಂದರು. ಇಬ್ಬರೂ ಅತ್ತರು. ನಾನೂ ಅತ್ತೆ, ಯಾರೂ ಗಮನಿಸದಿದ್ದರೂ.

ವ್ಯಾಕ್ಯೂಮಿನ ಹೊಟ್ಟೆಯಿಂದ ನಾನು ಮೊನ್ನೆ ತೆಗೆದದ್ದು ಆ ಕಾಳನ್ನೇ. ತೊಳೆದು ಗಿರಿಜಾಳ ಅಂಗೈಗೆ ಹಾಕಿದೆ. ಅವಳು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ ಅದುಮಿದಳು.

"ಬಾಲಾಜಿ ಗುಡಿಗೆ ಹೋಗಿ ಎರಡು ವರ್ಷಾತು" ಅಂದಳು. "ಮುಂದಿನ ಶನಿವಾರ ಹೋಗೂಣೇನ್ರಿ? ನಾನ ಡ್ರೈವ್ ಮಾಡ್ತೀನಿ."